ಅಮೋನಿಯಾ ಕಾಗದದ ಕಾಲರ್

ಕುಷ್ಠ ಇಲ್ಲದ ಮನುಷ್ಯನಿಗೆ ಅರ್ಧ ನಿಮಿಷದಲ್ಲಿ ಕುಷ್ಠ ಬರಿಸಿದ ಡಾಕ್ಟ್ರು ಪೀಣ್ಯದಲ್ಲಿ ಯಾರಾದ್ರೂ ಇದ್ರೆ ಅದು ನಾನೇ. ರೋಗಾಣುಗಳಿಗೆ ಆ ಕೆಲಸಕ್ಕೆ ವರ್ಷಗಟ್ಟಲೆ ಬೇಕು. ನನಗೆ ಒಂದು ಗುಂಡುಪಿನ್ನು ಸಾಕಾಯ್ತು.

ಎಂಬತ್ತರ ದಶಕದ ಶುರು. ಆಗ ತಾನೆ ಹೌಸ್ ಸರ್ಜನ್ಸಿ ಮುಗಿಸಿ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಮಿಕರ ಡಿಸ್ಪೆನ್ಸರಿಗೆ ಟೆಂಪರರಿ ಡಾಕ್ಟ್ರಾಗಿ ಸೇರಿದ್ದೆ. ಡಿಸ್ಪೆನ್ಸರಿ ಅಂದ್ರೆ ಶೀಟು ಹೊದಿಸಿದ ಎರಡು ರೂಮು. ಒಂದು ಕಡೆ ಪವರ್ ಪ್ರೆಸ್ಸು ಕುಟ್ಟೋ ಸದ್ದು, ಇನ್ನೊಂದು ಕಡೆ ಲೇತು ಕೊರೆಯೋ ಸದ್ದು. ಸ್ಟೆತಾಸ್ಕೋಪ್ ಇಟ್ರೆ ರೋಗಿಯ ಎದೆಬಡಿತದ ಜೊತೆ ಪ್ರೆಸ್ಸಿನ ಬಡಿತನೂ ಕೇಳೋದು. ಒಂದ್ಸಲ ಪ್ರೆಸ್ಸನ್ನೇ ಎಣಿಸಿ, "ಹಾರ್ಟು ಕಲ್ಲಿದ್ದ ಹಾಗಿದೆ ತಾತ" ಅಂತ ಒಬ್ಬ ವಾಚ್‌ಮನ್ನನ್ನ ಮನೆಗೆ ಕಳಿಸಿದ್ದೀನಿ. ಸ್ಟೆತಾಸ್ಕೋಪನ್ನ ಟೀ ಅಂಗಡಿಗೂ ಕತ್ತಿಗೆ ಹಾಕ್ಕೊಂಡೇ ಹೋಗ್ತಿದ್ದೆ. ಇಲ್ದಿದ್ರೆ ಟೀ ಅಂಗಡಿಯವನು, "ಏನ್ ಗುರು, ಎಲ್ಲೂ ಕೆಲಸ ಸಿಕ್ಕಿಲ್ವಾ?" ಅಂತ ಕೇಳೋನು.

ಒಂದಿನ ಹತ್ತಿರದ ಟ್ಯಾಂಕ್ ಫ್ಯಾಕ್ಟ್ರಿಯ ಸೂಪರ್‌ವೈಸರ್ ಒಬ್ಬ ವೆಲ್ಡರನ್ನ ಕರ್ಕೊಂಡು ಬಂದ.

"ಡಾಕ್ಟ್ರೇ, ಇವನ ಕತ್ತಲ್ಲಿ ಹುಣ್ಣು ವಾಸಿನೇ ಆಗ್ತಿಲ್ಲ. ಯಾವ್ದಾದ್ರೂ ಮುಲಾಮು ಕೊಟ್ಟು ಬೇಗ ಕಳಿಸಿ. ಟ್ಯಾಂಕ್ ಆರ್ಡರ್ ಕೂತಿದೆ."

ವೆಲ್ಡರಿಗೆ ನಲವತ್ತು ದಾಟಿತ್ತು. ಖಾಕಿ ಅಂಗಿ, ಮೇಲೆತ್ತಿದ ಕಾಲರು, ಹುಣ್ಣು ಕಾಣದ ಹಾಗೆ ಕತ್ತಿಗೆ ಸುತ್ತಿದ ಟವಲು. ಟವಲು ತೆಗೆದ್ರೆ ಕತ್ತಿನ ಎರಡೂ ಕಡೆ ಬಿಳಿ ಮಚ್ಚೆ, ಗೋಡೆ ಸುಣ್ಣ ಬಿಟ್ಕೊಂಡ ಹಾಗೆ. ಎಡಗಿವಿ ಕೆಳಗೆ ನಾಲ್ಕಾಣೆ ಅಗಲದ ಒಂದು ಹುಣ್ಣು, ಮೇಲೆ ಹೆಕ್ಕಳ ಕಟ್ಟಿತ್ತು.

ನನ್ನ ತಲೇಲಿ ಪುಸ್ತಕದ ಪುಟ ತಾನಾಗೇ ತೆರ್ಕೊಂಡ್ತು. ಬಿಳಿ ಮಚ್ಚೆ, ಅದರಲ್ಲಿ ಸ್ಪರ್ಶ ಇಲ್ಲ ಅಂದ್ರೆ ಏನು? ಪರೀಕ್ಷೇಲಿ ಈ ಪ್ರಶ್ನೆಗೆ ನನಗೆ ಫುಲ್ ಮಾರ್ಕ್ಸು. ಚೀಟಿಗೆ ಚುಚ್ಚಿದ್ದ ಗುಂಡುಪಿನ್ನು ಕಿತ್ಕೊಂಡೆ. ಕೈ ಸ್ವಲ್ಪ ನಡುಗ್ತಿತ್ತು. ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ ಅಂತ ನನಗೆ ನಾನೇ ಹೇಳ್ಕೊಂಡು ಮಚ್ಚೆ ಮೇಲೆ ಚುಚ್ಚಿದೆ.

"ನೋವಾಯ್ತಾ?"

"ಇಲ್ಲ ಸಾರ್."

ಇನ್ನೊಂದು ಕಡೆ ಚುಚ್ಚಿದೆ. "ಈಗ?"

"ಇಲ್ಲ ಸಾರ್. ಚುಚ್ಚಿ, ಪರ್ವಾಗಿಲ್ಲ."

ಸೂಪರ್‌ವೈಸರನ್ನ ಪರದೆ ಹಿಂದಕ್ಕೆ ಕರ್ದು, ಗುಟ್ಟಾಗಿ "ಲೆಪ್ರಸಿ ಇರೋ ಹಾಗಿದೆ" ಅಂದೆ.

"ಏನಂದ್ರಿ?"

"ಕುಷ್ಠ ರೀ."

ನನ್ನ ಗುಟ್ಟಿನ ಬಗ್ಗೆ ಒಂದು ಮಾತು ಹೇಳ್ಬೇಕು. ಕಾಲೇಜ್ ನಾಟಕದಲ್ಲಿ ನಾನು ಪ್ರಾಂಪ್ಟರು. ನಾನು ಪರದೆ ಹಿಂದಿಂದ ಪಿಸುಗುಟ್ಟಿದ ಡೈಲಾಗಿಗೆ ಕೊನೇ ಸಾಲಿನವರು ಚಪ್ಪಾಳೆ ಹೊಡೆದಿದ್ದಾರೆ. ಪರದೆ ಸರಿಸಿ ನೋಡಿದ್ರೆ ಬೆಂಚ್ ಮೇಲೆ ಕೂತಿದ್ದ ಒಬ್ಬ ರೋಗಿನೂ ಇರ್ಲಿಲ್ಲ. ವೆಲ್ಡರ್ ಮಾತ್ರ ನಿಧಾನಕ್ಕೆ ಟವಲು ಸುತ್ಕೋತಿದ್ರು.

ಮಾರನೇ ದಿನ ಬೆಳಿಗ್ಗೆ ನಾನು ಬಂದಾಗ ಅವರು ಡಿಸ್ಪೆನ್ಸರಿ ಎದುರು ಹೊಂಗೆ ಮರದ ಕೆಳಗೆ ನಿಂತಿದ್ರು. ಕೈಯಲ್ಲಿ ಊಟದ ಡಬ್ಬಿ.

"ಗೇಟಲ್ಲಿ ಬಿಡ್ಲಿಲ್ಲ ಸಾರ್. ಇನ್ಮೇಲೆ ಬರ್ಬ್ಯಾಡ ಅಂದ್ರು. ಒಳೀಕ್ ಬರ್ಲಾ, ಇಲ್ಲೇ ನಿಂತ್ಕಳ್ಲಾ?"

"ಮನೇಲಿ ಏನಂದ್ರು?"

"ಮನೇಲಿ ಯೋಳಿಲ್ಲ. ಡೂಟಿಗೆ ಓಯ್ತೀನಿ ಅಂತ ಡಬ್ಬಿ ಕಟ್ಟಿಸ್ಕೊಂಡ್ ಬಂದಿವ್ನಿ. ಎಷ್ಟ್ ದಿನ ಅಂತ ಇಂಗೆ ಬರಾದು ಸಾರ್?"

ಅದುವರೆಗೂ ನನ್ನ ತಪ್ಪುಗಳೆಲ್ಲಾ ಹಾಸ್ಟೆಲ್ಲಲ್ಲಿ ಹೇಳ್ಕೊಂಡು ನಗೋವಂಥವು. ಇದನ್ನ ಯಾರಿಗೆ ಹೇಳಿ ನಗ್ಲಿ? ಒಳಗೆ ಕೂರಿಸ್ದೆ. ಕಾಂಪೌಂಡರು ಆ ಬೆಂಚಿಂದ ತನ್ನ ಛತ್ರಿ ಎತ್ಕೊಂಡು ಹೋದ.

ನಮ್ಮ ಪುಣ್ಯಕ್ಕೆ ಅದು ಚರ್ಮದ ಡಾಕ್ಟ್ರು ಬರೋ ದಿನ. ಸಿಟಿ ಆಸ್ಪತ್ರೆಯಿಂದ ವಾರಕ್ಕೊಂದ್ಸಲ ಬರೋ ಮೇಡಂ. ಕುಳ್ಳಗೆ, ನರೆತ ಕೂದಲು, ಕತ್ತಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಕೈಯಲ್ಲಿ ಅವರಿಗಿಂತ ಸ್ವಲ್ಪ ದೊಡ್ಡದೇ ಆದ ಕಪ್ಪು ಕೊಡೆ. ಬಸ್ಸಿಳಿದು ತುಮಕೂರು ರಸ್ತೆ ದಾಟಿ ಬರುವಾಗ ದೂರದಿಂದ ಕೊಡೆನೇ ನಡ್ಕೊಂಡು ಬರ್ತಿದೆ ಅನ್ಸೋದು.

ನಾನು ನನ್ನ ರೋಗನಿರ್ಣಯ ವಿವರಿಸಿದೆ. ಮೇಡಂ ಕೊಡೆ ಮಡಿಚಿ ಮೂಲೆಗಿಟ್ರು. ವೆಲ್ಡರನ್ನ ಕಿಟಕಿ ಪಕ್ಕ ಸ್ಟೂಲ್ ಮೇಲೆ ಕೂರಿಸಿ, ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಬೆರಳ ತುದೀಲಿ ಅವರ ಕತ್ತನ್ನ ಸವರಿದ್ರು. ಪೂರ್ತಿ ಕತ್ತು, ಕಿವಿ ಹಿಂದೆ, ಕೂದಲ ಅಂಚು. ಎಲ್ಲೂ ಅವಸರ ಇಲ್ಲ. ಆಮೇಲೆ ಹತ್ತಿಯಿಂದ ಒಂದು ಎಳೆ ಹೊಸೆದು, "ಅಣ್ಣ, ಕಣ್ಣು ಮುಚ್ಕೊಳ್ಳಿ. ನಾನು ಎಲ್ಲಿ ಮುಟ್ತೀನೋ ಅಲ್ಲಿ ನಿಮ್ಮ ಬೆರಳಿಡಿ, ಬಾಯಲ್ಲಿ ಏನೂ ಹೇಳ್ಬೇಡಿ" ಅಂದ್ರು.

ಮಚ್ಚೆ ಮೇಲೆ ಎಳೆ ತಾಗಿಸಿದ್ರು. ವೆಲ್ಡರ ಬೆರಳು ಸರಿಯಾಗಿ ಅಲ್ಲೇ ಬಂತು. ಇನ್ನೊಂದು ಕಡೆ, ಅಲ್ಲೂ ಬಂತು. ನೊಣದ ಕಾಲಷ್ಟು ಮೆತ್ತಗೆ ತಾಗಿಸಿದ್ರೂ ಬಂತು.

ಮೇಡಂ ಕತ್ತಿನ ನರ ಹಿಡಿದು ನೋಡಿದ್ರು, ಮೊಣಕೈ ಹಿಂದಿನ ನರ ನೋಡಿದ್ರು. ಕುಷ್ಠದಲ್ಲಿ ಆಗೋ ಹಾಗೆ ಎಲ್ಲೂ ದಪ್ಪ ಆಗಿರ್ಲಿಲ್ಲ. ರೋಗಾಣು ಇದೆಯಾ ಅಂತ ನೋಡೋಕೆ ಕಿವಿತುದೀಲಿ ಸಣ್ಣಗೆ ಗೀರಿ ಸ್ಲೈಡಿಗೆ ಸವರ್ಕೊಂಡ್ರು.

"ಈ ಬಿಳಿ ಎಷ್ಟು ದಿನದಿಂದ ಅಣ್ಣ?"

"ಮದ್ವೆಗೂ ಮುಂಚಿಂದ ಐತೆ ತಾಯಿ. ತೊನ್ನು ಅಂತ ಗೊತ್ತಿದ್ದೇ ಮಾವ ಎಣ್ ಕೊಟ್ಟವ್ರೆ."

ಮೇಡಂ ನನ್ನ ಕಡೆ ತಿರುಗಿ, "ಇದನ್ನ ನೀನು ಕೇಳಿದ್ಯೇನಪ್ಪಾ?" ಅಂದ್ರು.

ಕೇಳಿರ್ಲಿಲ್ಲ. ಪಿನ್ನು ಕೈಲಿದ್ದಾಗ ಬಾಯಿ ಯಾಕೆ ಬೇಕು?

"ಕುಷ್ಠವೇ ಆಗಿದ್ರೂ ಗೇಟ್ ಹಾಕೋ ಕಾಯಿಲೆ ಅಲ್ಲ ಅದು, ಮಾತ್ರೆ ನುಂಗೋ ಕಾಯಿಲೆ. ಅದಿರ್ಲಿ, ಕೈ ಕೊಡು" ಅಂತ ನನ್ನ ಬೆರಳು ಹಿಡಿದು ಹುಣ್ಣಿನ ಸುತ್ತ ಮಚ್ಚೆ ಮೇಲೆ ಓಡಿಸಿದ್ರು. ಕಣ್ಣಿಗೆ ಏನೂ ಕಾಣದ ಜಾಗ ಬೆರಳಿಗೆ ಎಮೆರಿ ಪೇಪರ್ ಥರ ಗರಗರ ಅಂತು. ಅಲ್ಲೊಂದು ಚುಕ್ಕಿ, ಇಲ್ಲೊಂದು ಚುಕ್ಕಿ. ಆಮೇಲೆ ಬಲಗಡೆ ಮಚ್ಚೆ ಮೇಲೆ ಓಡಿಸಿದ್ರು. ಅದು ಹೆಚ್ಚೂಕಡಿಮೆ ನುಣ್ಣಗಿತ್ತು.

"ಚರ್ಮಕ್ಕೆ ಬಣ್ಣ ಅನ್ನೋದು ಕೊಡೆ ಇದ್ದ ಹಾಗೆ. ತೊನ್ನು ಇರೋ ಕಡೆ ಕೊಡೆ ಇಲ್ಲ. ಬಿಸಿಲಲ್ಲಿ ಇರುತ್ತಲ್ಲ, ಆ ಅಲ್ಟ್ರಾವಯಲೆಟ್ ಕಿರಣ ಅಲ್ಲಿ ವರ್ಷಗಟ್ಟಲೆ ಬಿದ್ರೆ ಇಂಥಾ ಗರಗರ ಶುರುವಾಗುತ್ತೆ. ಅದರಲ್ಲಿ ಒಂದು ಕೆಟ್ರೆ ಈ ಹುಣ್ಣು. ಇದನ್ನ ನಾನು ಬರೀ ಮುಲಾಮು ಹಚ್ಚಿ ಬಿಡಲ್ಲ." ಆಮೇಲೆ ತಮಗೆ ತಾವೇ, "ಆದ್ರೆ ಎಡಗಡೆ ಮಾತ್ರ ಯಾಕೆ?" ಅಂದ್ಕೊಂಡ್ರು.

ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿಂದ ಪರೀಕ್ಷೆಗೆ ಒಂದು ಚೂರು ತೆಗೆದು ಫಾರ್ಮಲಿನ್ ಸೀಸೆಗೆ ಹಾಕಿದ್ರು. ಫೋಟೋ ತೆಗೆಯೋ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಭಾವನ ಕ್ಯಾಮೆರಾ ಕೇಳಿ ತಂದು, ಫ್ಲಾಷ್ ಸಿಕ್ಕಿಸಿ, ರೋಲು ಪೂರ್ತಿ ಮುಖಕ್ಕೆ ನೇರ ಹೊಡೆದೆ. ತೊಳೆದು ಬಂದಾಗ ಮಚ್ಚೆ, ಹುಣ್ಣು, ಗರಗರ ಎಲ್ಲಾ ಒಂದೇ ಬಿಳುಪಲ್ಲಿ ಮುಳುಗಿದ್ವು. ವೆಲ್ಡರು ಮಾತ್ರ ಒಳ್ಳೇ ಗೆಲುವಾಗಿ ಬಂದಿದ್ರು.

ಮೇಡಂ ಒಂದೊಂದೇ ನೋಡಿ, "ಚೆನ್ನಾಗಿದೆ. ಹೆಣ್ಣಿನ ಕಡೆಯವರಿಗೆ ಕಳಿಸು" ಅಂದ್ರು.

ಎರಡನೇ ಸಲ ಅವರೇ ಪಕ್ಕ ನಿಂತ್ರು. ಹಿಂದೆ ನೀಲಿ ಬಟ್ಟೆ. ಫ್ಲಾಷ್ ಬಂದ್. ಕಿಟಕಿ ಬೆಳಕು ಕತ್ತಿನ ಮೇಲೆ ಓರೆಯಾಗಿ ಬೀಳೋ ಹಾಗೆ ಸ್ಟೂಲು ತಿರುಗಿಸಿದ್ರು. ಸಂಜೆ ಹೊತ್ತು ಹೊಲದ ಹೆಂಟೆಗಳ ನೆರಳು ಎದ್ದು ಕಾಣುತ್ತಲ್ಲ, ಹಾಗೆ ಒಂದೊಂದು ಗರಗರ ಚುಕ್ಕಿನೂ ಎದ್ದು ನಿಂತ್ಕೊಂಡ್ತು. ಪಕ್ಕದಲ್ಲಿ ಸ್ಕೇಲು. ಎಡ ತೆಗೆದಷ್ಟೇ ದೂರದಿಂದ, ಅದೇ ಬೆಳಕಲ್ಲಿ ಬಲ. "ಕೆಟ್ಟ ಕಡೆ ಮಾತ್ರ ತೆಗೆದ್ರೆ ಅದು ಅರ್ಧ ಮಾತು. ಸರಿ ಇರೋ ಕಡೆನೂ ತೆಗಿ, ಆಗ ನೋಡಿದವನು ತಾನೇ ಕೇಳ್ತಾನೆ" ಅಂದ್ರು. ನನ್ನ ಎಂಬಿಬಿಎಸ್ಸಲ್ಲಿ ಯಾರೂ ಹೀಗೆ ಹೇಳಿರ್ಲಿಲ್ಲ. ಹೇಳಿದ್ದಾಗ ನಾನು ಕ್ಯಾಂಟೀನಲ್ಲಿ ಇದ್ದೆನೋ ಏನೋ.

ರಿಪೋರ್ಟು ಬಂತು. ಕುಷ್ಠದ ರೋಗಾಣು ಇಲ್ಲ. ಹುಣ್ಣು ಚರ್ಮದ ಕ್ಯಾನ್ಸರು, ಆದ್ರೆ ಇನ್ನೂ ಆಳಕ್ಕೆ ಇಳಿದಿಲ್ಲ. ಪೂರ್ತಿ ಕತ್ತರಿಸಿ ತೆಗೆದ್ರೆ ಆಯ್ತು. ವೆಲ್ಡರಿಗೆ ಮೇಡಂ ಒಂದೂ ಮುಚ್ಚಿಡದೆ ಹೇಳಿದ್ರು. ಅವರು ಕೇಳಿದ್ದು ಒಂದೇ.

"ಆಪ್ರೇಸನ್ ಮಾಡಿಸ್ಕೊತೀನಿ ತಾಯಿ. ಆಮ್ಯಾಕೆ ಗೇಟಲ್ಲಿ ಬಿಡ್ತಾರಾ?"

ಫ್ಯಾಕ್ಟ್ರಿಗೆ ರಿಪೋರ್ಟು ತಗೊಂಡು ಹೋದವನು ನಾನು. ಸೂಪರ್‌ವೈಸರ್ ಓದಿ, ಮಡಿಚಿ, ವಾಪಸ್ ಕೊಟ್ಟ. "ಅವತ್ತು ಹೌದು ಅಂದವರೂ ನೀವೇ, ಇವತ್ತು ಅಲ್ಲ ಅನ್ನೋರೂ ನೀವೇ. ಶೆಡ್ಡಲ್ಲಿ ಒಬ್ಬನೂ ಅವನ ಪಕ್ಕ ಕೂರೋಕೆ ಒಪ್ತಿಲ್ಲ ಸಾರ್. ಕಾಗದ ತೋರಿಸಿದ್ರೆ ಒಪ್ತಾರಾ?"

ಇದನ್ನ ಕೇಳಿ ಮೇಡಂ ತೀರ್ಮಾನ ಮಾಡಿದ್ರು. "ಕಾಗದಕ್ಕೆ ಒಪ್ಪಲ್ಲ ಅಂದ್ರೆ ಕಣ್ಣಿಗೆ ತೋರಿಸೋಣ. ಹತ್ತಿ ತಗೋ. ಪಿನ್ನಿನ ಡಬ್ಬಿ ತಗೋ. ಪಿನ್ನೆಲ್ಲಾ ಕುದಿಸಿ ತಗೋ, ಒಬ್ಬರಿಗೊಂದು."

"ಪಿನ್ನು ಯಾಕೆ ಮೇಡಂ?"

"ನೀನು ಮಾಡಿದ ಟೆಸ್ಟನ್ನ ನೀನೇ ಮಾಡಿ ತೋರಿಸ್ಬೇಕಲ್ಲಪ್ಪಾ."

ಮೇಡಂ ಕೊಡೆ ಹಿಡಿದು ಗೇಟಿಗೆ ಬಂದಾಗ ವಾಚ್‌ಮನ್ ಸೆಲ್ಯೂಟ್ ಹೊಡೆದ. ಹಿಂದೆ ವೆಲ್ಡರನ್ನ ನೋಡಿ ಕೈ ಅಡ್ಡ ಹಾಕಿದ. ಮೇಡಂ, "ಇವರು ನನ್ನ ಜೊತೆ" ಅಂತ ಹೇಳ್ತಾ ನಡೀತಾನೇ ಇದ್ರು. ನಿಂತು ವಾದ ಮಾಡಿದ್ರೆ ಸೋಲ್ತಿದ್ವಿ.

ಊಟದ ಹೊತ್ತು. ಕ್ಯಾಂಟೀನ್ ತುಂಬಾ ಜನ. ಮೊದಲು ಮೇಡಂ ಹತ್ತಿ ಎಳೆಯನ್ನ ಸೂಪರ್‌ವೈಸರ್ ಕೈಗೇ ಕೊಟ್ರು. "ನೀವೇ ಮುಟ್ಟಿ. ನಾನು ಮುಟ್ಟಿದ್ರೆ ಮಾಟ ಅಂತಾರೆ." ಅವನು ತೋಳು ಉದ್ದ ಮಾಡಿ, ಮುಖ ಆ ಕಡೆ ತಿರುಗಿಸಿ, ಹಾವಿನ ಹೆಡೆ ಮುಟ್ಟೋ ಥರ ಮುಟ್ಟಿದ. ವೆಲ್ಡರು ಕಣ್ಣು ಮುಚ್ಚಿದ್ರೂ ಬೆರಳು ಸರಿಯಾಗಿ ಅಲ್ಲೇ ಇಟ್ರು. ಮತ್ತೆ ಮುಟ್ಟಿದ. ಮತ್ತೆ ಸರಿ. ನಾಲ್ಕನೇ ಸಲಕ್ಕೆ ಹಿಂದಿನ ಬೆಂಚಿಂದ, "ಅಂಗ್ ಹಾಕು ಮಗಾ!" ಅಂತ ಯಾರೋ ಕೂಗಿದ್ರು.

"ಹಾಗಾದ್ರೆ ಆವತ್ತು ಪಿನ್ನು ಚುಚ್ಚಿದ್ರೆ ಯಾಕೆ ಗೊತ್ತಾಗ್ಲಿಲ್ಲ?" ಅಂದ ಸೂಪರ್‌ವೈಸರ್.

ಮೇಡಂ ನನ್ನ ಕಡೆ ನೋಡಿದ್ರು. ನಾನು ಬೆಂಚ್ ಹತ್ತಿದೆ. ಜಾತ್ರೇಲಿ ಹಲ್ಲುಪುಡಿ ಮಾರೋನ ಹಾಗೆ ಡಬ್ಬಿ ಎತ್ತಿ ಹಿಡಿದು, "ಅಣ್ಣಂದಿರಾ, ಆ ದಿನ ಪಿನ್ನು ಚುಚ್ಚಿದ ಮಹಾ ಪಂಡಿತ ನಾನೇ. ಈಗ ನಿಮಗೂ ಚುಚ್ತೀನಿ. ನೋವಾದ್ರೆ ನೋವು ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ವೆಲ್ಡರುಗಳು ಮುಂದಕ್ಕೆ ಬನ್ನಿ" ಅಂದೆ.

ಮೊದಲು ಬಂದವನು ಪಕ್ಕದ ಸೀಟಿನ ವೆಲ್ಡರು. ಗೇಟ್ ಹಾಕೋವರೆಗೂ ಇವರಿಬ್ಬರದೂ ಒಂದೇ ಡಬ್ಬಿ ಊಟ ಅಂತೆ. ಅಂಗೈ ಹಿಂದೆ ಚುಚ್ಚಿದೆ.

"ನೋವಾಯ್ತಾ?"

"ಇದ್ಯಾವ್ ನೋವು ಡಾಕ್ಟ್ರೇ? ಕಿಡಿ ಬಿದ್ದು ಅಂಗಿ ಒಳಗೆ ಹೋದ್ರೂ ನಾವು ರಾಡು ಅಲ್ಲಾಡ್ಸಲ್ಲ. ಅಲ್ಲಾಡ್ಸಿದ್ರೆ ಬೆಸುಗೆ ಕೆಡ್ತದೆ."

ಮುಂದಿನವನು, "ಇಲ್ಲ." ಅದರ ಮುಂದಿನವನು, "ಇನ್ನೊಸಿ ಜೋರಾಗಿ ಚುಚ್ಚಿ." ಒಬ್ಬ ಆಕಳಿಸಿಯೂ ತೋರಿಸಿದ. ಸಾಲು ಮುಗೀತು. ಆಮೇಲೆ ಸೂಪರ್‌ವೈಸರ್ ಕೈಗೆ ಚುಚ್ಚಿದೆ. "ಅಯ್ಯಯ್ಯಪ್ಪಾ!" ಅಂತ ಹಾರಿದ ಏಟಿಗೆ ಸಾಂಬಾರ್ ಬಕೆಟ್ ಉರುಳ್ತು.

ನಗು ನಿಂತ ಮೇಲೆ ನಾನು ಹೇಳಿದೆ: "ನನ್ನ ಟೆಸ್ಟ್ ಪ್ರಕಾರ ಈ ಫ್ಯಾಕ್ಟ್ರೀಲಿ ಕುಷ್ಠ ಇಲ್ಲದವರು ಸೂಪರ್‌ವೈಸರ್ ಒಬ್ರೇ. ಗೇಟಿಂದ ಆಚೆ ಹಾಕೋದಾದ್ರೆ ನಿಮ್ಮೆಲ್ರನ್ನೂ ಹಾಕ್ಬೇಕು, ಟ್ಯಾಂಕ್ ಇವರೊಬ್ಬರೇ ಬೆಸೀಬೇಕು."

ಪಕ್ಕದ ಸೀಟಿನವನು ತಟ್ಟೆ ಎತ್ಕೊಂಡು ಬಂದು ನಮ್ಮ ವೆಲ್ಡರ ಎದುರು ಕೂತ. ಅವರ ಡಬ್ಬಿಯಿಂದ ಒಂದು ಚೂರು ಮುದ್ದೆ ಮುರ್ಕೊಂಡ.

ನಾನು ಗೆದ್ವಿ ಅಂದ್ಕೊಂಡೆ. ಸೂಪರ್‌ವೈಸರ್ ಕೈ ಒರೆಸ್ಕೋತಾ ಬಂದ. "ಅಂಟುರೋಗ ಅಲ್ಲ, ಒಪ್ಕೊಂಡೆ ಮೇಡಂ. ಆದ್ರೆ ಮೇಲಿನವರು ಇನ್ನೊಂದು ಹೇಳ್ತಾರೆ. ಕ್ಯಾನ್ಸರ್ ಬಂದವನು ಅನ್‌ಫಿಟ್ಟು, ಮನೆಗೆ ಕಳಿಸಿ ಅಂತಾರೆ. ಕೆಲಸದಿಂದ ಬಂದಿದ್ದು ಅಂತ ಗೊತ್ತಾದ್ರೆ ಮಾತ್ರ ಬೇರೆ ಸೆಕ್ಷನ್ ಕೊಡ್ತಾರೆ. ಇವನು ದಿನಾ ಬಿಸಿಲಲ್ಲಿ ಸೈಕಲ್ ತುಳೀತಾನಲ್ಲ. ಬಿಸಿಲಿಂದಲೇ ಬಂತು ಅಂದ್ರೆ ಏನ್ ಮಾಡ್ತೀರ?"

ನನಗೆ ಹುಮ್ಮಸ್ಸು ಇನ್ನೂ ಇಳಿದಿರ್ಲಿಲ್ಲ. ಮೇಜಿನ ಮೇಲೆ ಟೀ ಲೋಟ ಇಟ್ಟೆ, ಅದು ವೆಲ್ಡರು. ಒಂದು ಬನ್ನು ಇಟ್ಟೆ, ಅದು ಸೂರ್ಯ. "ಇವರ ಮನೆ ಯಶವಂತಪುರ. ಬೆಳಿಗ್ಗೆ ಉತ್ತರದ ಕಡೆ, ಪೀಣ್ಯಕ್ಕೆ ತುಳೀತಾರೆ. ಸೂರ್ಯ ಪೂರ್ವಕ್ಕೆ, ಅಂದ್ರೆ ಬಲಗಡೆಗೆ. ಸಂಜೆ ವಾಪಸ್ ತಿರುಗ್ತಾರೆ. ಸೂರ್ಯ ಪಶ್ಚಿಮಕ್ಕೆ ಹೋಗಿರ್ತಾನೆ. ಅದು ಯಾವ ಕಡೆ?" ಲೋಟ ತಿರುಗಿಸಿ ಬನ್ನು ಆ ಕಡೆ ಇಟ್ಟೆ. ಮತ್ತೆ ಬಲಗಡೆ! "ಬಿಸಿಲಿಂದ ಬಂದಿದ್ರೆ ಬಲಗಡೆ ಬರ್ಬೇಕಿತ್ತು. ಕೆಟ್ಟಿರೋದು ಎಡಗಡೆ."

ಸೂಪರ್‌ವೈಸರ್ ಬನ್ನನ್ನೇ ನೋಡಿದ. "ಚೆನ್ನಾಗಿದೆ ಸಾರ್. ಆದ್ರೆ ಮೇಲಿನವರಿಗೆ ನಾನು ಬನ್ನು ತೋರಿಸೋಕಾಗಲ್ಲ."

ಮೇಡಂ ಎದ್ರು. "ಇವರು ಕೂರೋ ಜಾಗ ತೋರಿಸಿ."

ಶೆಡ್ಡಲ್ಲಿ ಉದ್ದನೆಯ ಒಂದೊಂದು ಟ್ಯಾಂಕಿಗೂ ಇಬ್ಬಿಬ್ಬರು ವೆಲ್ಡರು ಪಕ್ಕಪಕ್ಕ ಕೂತು ಬೆಸುಗೆ ಹಾಕೋರು. ಆ ಬೆಳಕಲ್ಲೂ ಅಲ್ಟ್ರಾವಯಲೆಟ್ ಇರುತ್ತೆ. ಕಪ್ಪು ಗಾಜಿನ ಶೀಲ್ಡು ಕೈಲಿ ಹಿಡಿದ್ರೆ ತನ್ನ ಬೆಳಕು ತನ್ನ ಮುಖಕ್ಕೆ ಬೀಳಲ್ಲ. ಪಕ್ಕದವನ ಬೆಳಕಿಗೆ ಶೀಲ್ಡಿಲ್ಲ. ನಮ್ಮ ವೆಲ್ಡರ ಸ್ಟೂಲು ಗೋಡೆ ಕಡೆ. ಪಕ್ಕದವನು ಎಡಗಡೆ, ಸ್ವಲ್ಪ ಹಿಂದೆ. ಮೇಡಂ ಆ ಸ್ಟೂಲ್ ಮೇಲೆ ಕೂತು, ಬಗ್ಗಿ, ತಮ್ಮ ಎಡಗತ್ತು ಮುಟ್ಟಿ ನೋಡ್ಕೊಂಡ್ರು. ಗೊತ್ತಾಯ್ತು ಅವರಿಗೆ. ನನಗೂ ಗೊತ್ತಾಯ್ತು. ಆದ್ರೆ ಗೊತ್ತಾಗಿದ್ದನ್ನ ಮೇಲಿನವರ ಮೇಜಿನ ಮೇಲೆ ಇಡೋದು ಹೇಗೆ?

ನಾನು ಸೋತು ಪಕ್ಕದ ಡ್ರಾಯಿಂಗ್ ರೂಮಿನ ಬಾಗಿಲಿಗೆ ಒರಗಿ, ಕೈಗೆ ಸಿಕ್ಕಿದ ಕಪ್ಪು ಕವರನ್ನ ಸುಮ್ನೆ ಬಿಚ್ತಾ ನಿಂತಿದ್ದೆ. ನನಗೆ ಯಾವ ಕವರ್ ಕಂಡ್ರೂ ಬಿಚ್ಬೇಕು. ಒಳಗಿಂದ ಡ್ರಾಫ್ಟ್ಸ್‌ಮನ್ ಅರಚಿದ.

"ರೀ! ಮುಚ್ರೀ ಅದನ್ನ! ಅಮೋನಿಯಾ ಪ್ರಿಂಟ್ ಪೇಪರ್ ಅದು. ಬಿಸಿಲು ತಗುಲಿದ್ರೆ, ವೆಲ್ಡಿಂಗ್ ಆರ್ಕಿನ ಬೆಳಕು ತಗುಲಿದ್ರೆ ಬಿಳಿ ಆಗೋಗುತ್ತೆ, ಆಮೇಲೆ ಲೈನೇ ಬರಲ್ಲ!"

ಮೇಡಂ ತಿರುಗಿದ್ರು. "ಏನಂದ್ರಿ?"

ಡ್ರಾಫ್ಟ್ಸ್‌ಮನ್ ವಿವರಿಸಿದ. ಮಿಷನ್ ನಕ್ಷೆಗಳ ಕಾಪಿ ತೆಗೆಯೋ ಕಾಗದ. ಅಲ್ಟ್ರಾವಯಲೆಟ್ ಬಿದ್ದ ಜಾಗ ಸತ್ತು ಬಿಳಿ ಆಗುತ್ತೆ. ಬೀಳದ ಜಾಗ ಅಮೋನಿಯಾ ಹೊಗೇಲಿ ಇಟ್ರೆ ನೀಲಿಗೆ ತಿರುಗುತ್ತೆ. ಮೇಡಂ ಮುಖದಲ್ಲಿ ಆಗ ಬಂದ ನಗು ನಾನು ಅದುವರೆಗೂ ನೋಡಿರ್ಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ ಪಕ್ಕದವಳ ಜಡೆ ಬೆಂಚಿಗೆ ಕಟ್ಟೋ ಮುಂಚೆ ನಗ್ತಾಳಲ್ಲ, ಆ ನಗು.

"ಒಂದು ಪಟ್ಟಿ ಕತ್ತರಿಸಿ ಕೊಡಿ. ಇವನ ಕತ್ತಿನ ಅಳತೆಗೆ."

ಇವನು ಅಂದ್ರೆ ನಾನು.

ಮೊದಲನೇ ಕಾಲರ್ ಕಟ್ಟಿ ನನ್ನನ್ನ ಆ ಸ್ಟೂಲ್ ಮೇಲೆ ಕೂರಿಸಿದ್ರು. ಆರ್ಕ್ ಹಚ್ಚಬೇಡಿ ಅಂದ್ರು. "ಬಾಗಿಲಿಂದ ಬರೋ ಬಿಸಿಲೇ ಸಾಕಾಯ್ತು ಅಂತ ನಾಳೆ ಯಾರಾದ್ರೂ ಅಂದ್ರೆ? ಮೊದಲು ಸುಮ್ನೆ ಕೂರು." ಕೂತೆ. ಇಡೀ ಶೆಡ್ಡು ಕೆಲಸ ನಿಲ್ಲಿಸಿ, ಕಾಗದದ ಕಾಲರ್ ಹಾಕ್ಕೊಂಡು ಗೋಡೆ ನೋಡ್ತಾ ಕೂತ ಡಾಕ್ಟ್ರನ್ನ ನೋಡ್ತು. "ಮಚ್ಚಾ, ಮದುಮಗ ನೋಡ್ಲಾ" ಅಂತ ಒಬ್ಬ. "ಬಾಸಿಂಗ ಕೆಳಗೆ ಜಾರೈತೆ" ಅಂತ ಇನ್ನೊಬ್ಬ.

ಆಮೇಲೆ ಎರಡನೇ ಕಾಲರ್. ಅಷ್ಟೇ ಹೊತ್ತು, ಅದೇ ಭಂಗಿ. ಈ ಸಲ ಪಕ್ಕದ ಸೀಟಿನವನು ಒಂದಾದ ಮೇಲೊಂದು ರಾಡು ಸುಡ್ತಾ ಹೋದ. ಆ ಕಡೆ ನೋಡ್ಬೇಡ ಅಂತ ಮೇಡಂ ಸಾರಿ ಸಾರಿ ಹೇಳಿದ್ರು. ನಾನು ಒಂದ್ಸಲ ನೋಡ್ದೆ. ಚೆನ್ನಾಗಿತ್ತು ಅಂತ ಇನ್ನೊಂದ್ಸಲ ನೋಡ್ದೆ. ಮಾರನೇ ದಿನ ಕಣ್ಣಿಗೆ ಮರಳು ಸುರಿದ ಹಾಗಾಗಿ, ಕಪ್ಪು ಕನ್ನಡಕ ಹಾಕ್ಕೊಂಡು ರೋಗಿಗಳನ್ನ ಧ್ವನಿ ಮೇಲೆ ಗುರುತಿಸಿದೆ. ಕಾಲರ್ ಕತ್ತು ಉಳಿಸ್ತು. ಎಡಗಿವಿ ಮಾತ್ರ ವಾರ ಪೂರ್ತಿ ಈರುಳ್ಳಿ ಥರ ಸಿಪ್ಪೆ ಬಿಡ್ತು.

ಡ್ರಾಫ್ಟ್ಸ್‌ಮನ್ ಎರಡೂ ಕಾಲರನ್ನ ಅಮೋನಿಯಾ ಪೆಟ್ಟಿಗೆಗೆ ಹಾಕಿ ತೆಗೆದ. ವಾಸನೆಗೆ ಎಲ್ಲರ ಮೂಗಲ್ಲೂ ನೀರು. ಮೊದಲನೇದು ಈ ತುದಿಯಿಂದ ಆ ತುದಿವರೆಗೂ ನೀಲಿ, ಸ್ವಲ್ಪ ಮಾಸಲು. ಎರಡನೇದು ಬಲಗಡೆ ನೀಲಿ. ಹಿಂಗತ್ತಿಂದ ಎಡಕ್ಕೆ ಬರ್ತಾ ಬರ್ತಾ ತಿಳಿಯಾಗಿ, ಎಡಗಿವಿ ಕೆಳಗೆ ಬರೋ ಹೊತ್ತಿಗೆ ಹಾಲಿನಷ್ಟು ಬಿಳಿ. ಮೇಡಂ ಅದನ್ನ ನಮ್ಮ ವೆಲ್ಡರ ಕತ್ತಿಗೆ ಸುತ್ತಿದ್ರು. ಕಾಗದದ ಬಿಳಿ ಸರಿಯಾಗಿ ಹುಣ್ಣಿನ ಮೇಲೆ ಬಂದು ಕೂತ್ಕೊಂಡ್ತು.

ಯಾರೂ ಜೋಕ್ ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ, ಅಂದ್ರೆ ಯೋಚನೆ ಮಾಡಿ.

ಪಕ್ಕದ ಸೀಟಿನವನು ಶೀಲ್ಡು ಕೆಳಗಿಟ್ಟ. "ನನ್ನ ಬೆಳಕಾ ಮೇಡಂ?"

ಮೇಡಂ ಅವನ ಹೆಗಲ ಮೇಲೆ ಕೈಯಿಟ್ರು. "ನಿನ್ನ ಕೆಲಸ ನೀನು ಮಾಡಿದ್ದೀಯಪ್ಪ. ನಿಮ್ಮಿಬ್ಬರ ಮಧ್ಯ ಒಂದು ತಗಡೂ ನಿಲ್ಲಿಸಿಲ್ವಲ್ಲ, ಅದು ತಪ್ಪು."

ಸೂಪರ್‌ವೈಸರ್ ಕಾಲರ್ ಈಸ್ಕೊಂಡ. ಮೇಲಿನವರ ಹತ್ತಿರ ನಾವು ಹೋಗೋ ಅಗತ್ಯವೇ ಬೀಳ್ಲಿಲ್ಲ, ಅವನೇ ಹೋದ. ಎರಡು ಕಾಗದ, ಎಡ ಬಲದ ಫೋಟೋ, ರಿಪೋರ್ಟು, ಜೊತೆಗೆ ಮೇಡಂ ಬರೆದ ಒಂದು ಪುಟ. ಅದರಲ್ಲಿ "ವೆಲ್ಡಿಂಗಿಂದಲೇ ಬಂತು" ಅಂತ ಬರೀರಿ ಮೇಡಂ, ಕೆಲಸ ಸಲೀಸಾಗುತ್ತೆ ಅಂತ ನಾನು ಗೋಗರೆದೆ. ಬರೀಲಿಲ್ಲ. ಬಿಸಿಲಿನ ಪಾಲು ಎಷ್ಟು, ಆರ್ಕಿನ ಪಾಲು ಎಷ್ಟು ಅಂತ ಅಳೆಯೋಕಾಗಲ್ಲ, ಬಣ್ಣವಿಲ್ಲದ ಚರ್ಮದ ಮೇಲೆ ಈ ಜಾಗದಲ್ಲಿ ಈ ಬೆಳಕು ಬೀಳ್ತಾ ಇದೆ, ಕೆಟ್ಟಿರೋದೂ ಅದೇ ಜಾಗ, ಅಂತಷ್ಟೇ ಬರೆದ್ರು. "ಗೊತ್ತಿರೋದಕ್ಕಿಂತ ಒಂದು ಮಾತು ಜಾಸ್ತಿ ಹೇಳಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಲ್ಲ" ಅಂದ್ರು. ಗೊತ್ತಿತ್ತು.

ಸಿಟಿ ಆಸ್ಪತ್ರೇಲಿ ಹುಣ್ಣು ಪೂರ್ತಿ ತೆಗೆದ್ರು, ತೊಡೆಯಿಂದ ಚರ್ಮ ತೆಗೆದು ಅಲ್ಲಿಗೆ ಹೊದಿಸಿದ್ರು. ಅಂಚುಗಳೆಲ್ಲಾ ಸ್ವಚ್ಛ ಅಂತ ರಿಪೋರ್ಟ್ ಬಂತು. ಗರಗರ ಚುಕ್ಕಿಗಳನ್ನ ಮೇಡಂ ಒಂದೊಂದಾಗಿ ಸುಟ್ಟು ತೆಗೀತಾ ಬಂದ್ರು. ಪ್ರತಿ ಸಲ ಮೊದಲು ಕಣ್ಣು ಮುಚ್ಚಿ ಸವರೋದು, ಆಮೇಲೆ ಫೋಟೋ, ಆಮೇಲೇ ಕೆಲಸ. ಶೆಡ್ಡಲ್ಲಿ ಒಬ್ಬೊಬ್ಬ ವೆಲ್ಡರ ಮಧ್ಯಾನೂ ತಗಡಿನ ಪರದೆ ಎದ್ದು ನಿಂತ್ವು. ನಮ್ಮ ವೆಲ್ಡರಿಗೆ ಬೆಸುಗೆ ಪರೀಕ್ಷೆ ಮಾಡೋ ಸೆಕ್ಷನ್ ಕೊಟ್ರು. ಮೊದಲನೇ ದಿನ ಅವರು ಗೇಟ್ ಒಳಗೆ ಹೋಗೋದನ್ನ ನೋಡೋಕೆ ನಾನು ಎದುರು ಟೀ ಅಂಗಡೀಲಿ ನಿಂತಿದ್ದೆ. ಸ್ಟೆತಾಸ್ಕೋಪ್ ಮರೆತು ಬಂದಿದ್ದೆ. ವಾಚ್‌ಮನ್ ಈ ಸಲ ಕೈ ಅಡ್ಡ ಹಾಕ್ಲಿಲ್ಲ, ಬೀಡಿ ಕೇಳಿದ.

ಸ್ವಲ್ಪ ದಿನ ಬಿಟ್ಟು ಕತ್ತು ತೋರಿಸೋಕೆ ಡಿಸ್ಪೆನ್ಸರಿಗೆ ಬಂದ್ರು. ಮೇಡಂ ಇನ್ನೂ ಬಂದಿರ್ಲಿಲ್ಲ. ನಾನು ಹತ್ತಿ ಎಳೆ ಹೊಸೀತಾ, ಕ್ಯಾಂಟೀನ್ ಕಥೆನ ನಾಲ್ಕು ಪಟ್ಟು ಮಾಡಿ ಹೇಳ್ತಿದ್ದೆ. ನೀವು ವೆಲ್ಡರುಗಳು ಎಂಥಾ ಗಟ್ಟಿ ಆಸಾಮಿಗಳಪ್ಪಾ, ಪಿನ್ನು ಚುಚ್ಚಿದ್ರೂ ಗೊತ್ತಾಗಲ್ಲ, ಕಿಡಿ ಬಿದ್ರೂ ಗೊತ್ತಾಗಲ್ಲ, ಅಂತೆಲ್ಲಾ ಹೊಗಳಿದೆ. ಅವರು ಕೇಳಿ ಕೇಳಿ ಮೆತ್ತಗೆ ನಕ್ರು.

"ಆವತ್ತು ನೀವು ಚುಚ್ಚಿದ್ರಲ್ಲ ಸಾರ್, ಶ್ಯಾನೆ ನೋವಾಗಿತ್ತು."

"ಮತ್ತೆ ಇಲ್ಲ ಅಂದ್ರಲ್ಲ?"

"ನಿಮ್ ಕೈ ನಡುಗ್ತಿತ್ತು. ಒಸಬ್ರು, ಚಿಕ್ಕುಡುಗ. ನೋವು ಅಂದ್ಬುಟ್ರೆ ಗಾಬರಿ ಆಗ್ತೀರಿ ಅಂತ ಇಲ್ಲ ಅಂದೆ."